ಬಚ್ಚಲುಮನೆಯ ಒಂದು ಸುಳ್ಳು

ನಾಸಿಕದ ಚಳಿಯ ಮಾತೆತ್ತಿದರೆ ಮುಂಬಯಿಯ ನಮ್ಮ ನೆಂಟರು ನಗುತ್ತಾರೆ. ಪಕ್ಕದ ನಿಫಾಡದಲ್ಲಿ 5 ಡಿಗ್ರಿಗಿಂತ ಕೆಳಗಿಳಿದ ದಿನಗಳಿವೆಯೆಂದರೂ ನಂಬುವುದಿಲ್ಲ. ಅಂಥದೊಂದು ಪೌಷದ ಬೆಳಿಗ್ಗೆ ನಮ್ಮ ಮನೆಯ ಗ್ಯಾಸ್ ಗೀಜರ್ ಮುಷ್ಕರ ಹೂಡಿತು.

ಊರಲ್ಲಿ ಹಂಡೆಯ ಒಲೆಗೆ ಕಟ್ಟಿಗೆ ತುರುಕಿ ಬೆಳೆದವರು ನಾವು. ಹಂಡೆ ಕೆಟ್ಟಿತೆಂಬ ಮಾತನ್ನು ಕೇಳಿದವರಲ್ಲ. ಗೀಜರಿನ ಒಳಗುಟ್ಟೂ ಅಷ್ಟೇನೂ ದೊಡ್ಡದಲ್ಲ: ನೀರಿನ ಒತ್ತಡಕ್ಕೆ ಒಳಗಿನ ರಬ್ಬರಿನ ಪರದೆ ಸರಿದು ಗ್ಯಾಸಿಗೆ ದಾರಿಯಾಗುತ್ತದೆ, ಎರಡು ದಪ್ಪ ಸೆಲ್ಲುಗಳು ಕಿಡಿ ಹಾರಿಸುತ್ತವೆ. ಹೊತ್ತಿಕೊಳ್ಳದಿದ್ದರೆ ಸೆಲ್ಲು ಸತ್ತಿದೆಯೇ, ನಲ್ಲಿಯ ನೀರು ಸಣ್ಣಗಾಗಿದೆಯೇ, ಸಿಲಿಂಡರ್ ಖಾಲಿಯೇ ಎಂದು ಯಾರೂ ನೋಡಬಹುದು. ನಾವು ಅಷ್ಟಕ್ಕೇ ನಿಲ್ಲಲಿಲ್ಲ. ಮಿಸ್ತ್ರಿಗೆ ಕೊಡುವ ದುಡ್ಡು ಉಳಿಯಲೆಂದು ಮುಚ್ಚಳ ಬಿಚ್ಚಿ, ಕಂಡ ತಿರುಪನ್ನೆಲ್ಲ ತಿರುಗಿಸಿ, ಏನೂ ಆಗದಿದ್ದಾಗ ಮುಚ್ಚಿಟ್ಟು ಅವರನ್ನೇ ಕರೆದೆವು.

ಬಂದವರು ಮೊದಲು ಕೇಳಿದ್ದು, "ಕುಣೀ ಉಘಡಲಂ ಹೋತಂ ಕಾ, ಕಾಕಾ?" ಯಾರಾದರೂ ಬಿಚ್ಚಿದ್ದರೇ ಎಂದು. "ಇಲ್ಲಪ್ಪಾ" ಎಂದುಬಿಟ್ಟೆವು. ಆ ಮಾತನ್ನು ನಂಬಿ ಅವರು ಒಂದು ಗಂಟೆ ಬೇರೆಲ್ಲೋ ಹುಡುಕಿದರು. ಕೊನೆಗೆ ಕೀಲುಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿದಾಗ, ನಾವು ಸಡಿಲಿಸಿದ್ದ ಕೀಲಿನಲ್ಲಿ ಗುಳ್ಳೆಯೆದ್ದಿತು. ನಮ್ಮ ಮುಖ ನೋಡಿದರು, ಏನೂ ಹೇಳಲಿಲ್ಲ. ಎಂದಿನ ಕೂಲಿಯನ್ನಷ್ಟೇ ತೆಗೆದುಕೊಂಡು ಹೋದರು.

ವೈದ್ಯರ ಮುಂದೆ ಹೀಗೆ ಸುಳ್ಳು ಹೇಳುತ್ತೇವೆಯೇ? ಯಾವ ಗುಳಿಗೆ ನುಂಗಿದೆವೆಂದು ನೆನಪಿಸಿಕೊಂಡು ಒಪ್ಪಿಸುತ್ತೇವೆ, ಏಕೆಂದರೆ ಅಲ್ಲಿ ಅಪಾಯ ನಮ್ಮ ಮೈಗೆ. ಇಲ್ಲಿ ಕಡ್ಡಿ ಗೀರುವ ಕೈ ಇನ್ನೊಬ್ಬರದು. ಮಾನ ಹೋದೀತೆಂಬ ಅಳುಕಿಗೆ ಅವರ ಕೈಯನ್ನು ಒತ್ತೆಯಿಟ್ಟೆವು. ಸಂಘದ ಸಭೆಗಳಲ್ಲಿ ಕಾಯಕದ ಮೇಲೆ ಭಾಷಣ ಮಾಡುವವರು ನಾವೇ, ಕಾಯಕದವರು ಬಾಗಿಲಿಗೆ ಬಂದರೆ ಚೌಕಾಸಿಗಿಳಿಯುವವರೂ ನಾವೇ! ನಮ್ಮ ಕೆಲಸ ನಾವೇ ಮಾಡಿಕೊಳ್ಳಬೇಕೆಂಬುದು ಒಳ್ಳೆಯ ಮಾತು. ಆದರೆ ಅದು ಸ್ವಾವಲಂಬನೆಯೋ ಜಿಪುಣತನವೋ ಎಂಬುದು, ಮಾಡಿದ್ದನ್ನು ಹೇಳಿಕೊಳ್ಳಲು ನಮಗೆ ನಾಚಿಕೆಯಾಗುತ್ತದೆಯೇ ಎಂಬುದರಿಂದ ತಿಳಿಯುತ್ತದೆಯೆಂದು ನಮಗೀಗ ತೋರುತ್ತದೆ.

ಆಮೇಲೆ ವರ್ಗವಾಗಿ ಔರಂಗಾಬಾದಿಗೆ, ಅಂದರೆ 2023ರಿಂದ ಛತ್ರಪತಿ ಸಂಭಾಜಿನಗರವಾದ ಊರಿಗೆ, ಹೋದೆವು. 17ನೆಯ ಶತಮಾನದಲ್ಲಿ ಮಲಿಕ್ ಅಂಬರ ಅಲ್ಲಿ ನೆಲದಡಿಯ ನೀರಿನ ಕಾಲುವೆ ಮಾಡಿಸಿದ. ಅದಕ್ಕೆ ನಡುನಡುವೆ ಇಳಿದು ನೋಡಲು ಕಂಡಿಗಳನ್ನು ಬಿಟ್ಟಿದ್ದಾರೆ. ಮುಂದೆ ಕೆಡುತ್ತದೆ, ಯಾರೋ ಬಂದು ನೋಡಬೇಕಾಗುತ್ತದೆ ಎಂಬ ಎಣಿಕೆ ಕಟ್ಟಿದವರಿಗಿತ್ತು. ಗೀಜರ್ ಮಾಡಿದವರೂ ಸೆಲ್ಲಿನ ಡಬ್ಬಿಯನ್ನು ಹೊರಗಿಟ್ಟು, ಗ್ಯಾಸಿನ ಕೀಲುಗಳನ್ನು ಮುಚ್ಚಳದ ಒಳಗಿಟ್ಟು ನಮ್ಮ ಕೈಗೊಂದು ಗೆರೆ ಎಳೆದಿದ್ದಾರೆ.

ಅಲ್ಲಿಯೂ ಗೀಜರ್ ಕೆಟ್ಟಿತು. ಈ ಸಲ ಗೆರೆ ದಾಟಲಿಲ್ಲ. ಸೆಲ್ಲು ಹೊಸದು, ನೀರು ಜೋರಾಗಿದೆ, ಸಿಲಿಂಡರ್ ತುಂಬಿದೆ, ಮುಚ್ಚಳ ಮುಟ್ಟಿಲ್ಲ ಎಂದು ಚೀಟಿಯಲ್ಲಿ ಬರೆದಿಟ್ಟು, ಸ್ವಲ್ಪ ಹೆಮ್ಮೆಯಿಂದಲೇ ಮಿಸ್ತ್ರಿಯವರ ಕೈಗೆ ಕೊಟ್ಟೆವು. ವಯಸ್ಸಾದವರು. ಚೀಟಿ ಓದಿ ಕಿಸೆಗೆ ಸೇರಿಸಿದರು, ಆದರೆ ಗೀಜರನ್ನು ಮುಟ್ಟಲಿಲ್ಲ. ಚಳಿಗಾಳಿ ಬರುತ್ತದೆಂದು ಬಚ್ಚಲ ಕಿಂಡಿಗೆ ನಾವು ಅಂಟಿಸಿದ್ದ ಹಳೆಯ ವೃತ್ತಪತ್ರಿಕೆಯನ್ನೇ ನೋಡುತ್ತ ನಿಂತರು. ಸಿಲಿಂಡರಿನ ಗ್ಯಾಸ್ ಸೋರಿದರೆ ತಿಳಿಯಲೆಂದು ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಗಾಳಿ ಸಾಲದೆ ಉರಿಯುವ ಜ್ವಾಲೆಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರುವುದಿಲ್ಲ. ಕೆಟ್ಟ ಗೀಜರಿಗಿಂತ ಅಲ್ಲಿಯವರೆಗೆ ಉರಿಯುತ್ತಿದ್ದ ಗೀಜರೇ ನಮಗೆ ಹೆಚ್ಚು ಅಪಾಯವಾಗಿತ್ತು.

ಸ್ಟೂಲು ತರಿಸಿಕೊಂಡು ಹತ್ತಿ ಕಾಗದವನ್ನೆಲ್ಲ ಕಿತ್ತು ನಮ್ಮ ಕೈಗೆ ಕೊಟ್ಟರು. ಅದಾದ ಮೇಲೆಯೇ ಚೀಲದಿಂದ ತಿರುಪುಳಿ ಹೊರಗೆ ತೆಗೆದದ್ದು.