ಯಾರಿಗೂ ನೋವಾಗದ ತಪ್ಪು

ಯಾರಿಗೂ ನೋವಾಗದಿದ್ದರೆ ಅದು ತಪ್ಪೇ? ಈ ಪ್ರಶ್ನೆಯನ್ನು ನಾವು ಬಾಯಿಬಿಟ್ಟು ಕೇಳುವುದು ಅಪರೂಪ. ಆದರೆ ಮನಸ್ಸಿನೊಳಗೆ ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತೇವೆ. ಹತ್ತು ಸಲವೂ 'ಅಲ್ಲ' ಎಂದು ಉತ್ತರಿಸಿಕೊಂಡು ಸಮಾಧಾನ ಪಡುತ್ತೇವೆ. ರಸ್ತೆ ಖಾಲಿಯಿದೆಯೆಂದು ಕೆಂಪು ದೀಪವನ್ನು ದಾಟುವಾಗ, ನೂರು ಗಜ ಮಾತ್ರವಲ್ಲವೇ ಎಂದು ಏಕಮುಖ ರಸ್ತೆಯಲ್ಲಿ ಎದುರಿನಿಂದ ನುಗ್ಗುವಾಗ, ಒಂದೇ ಒಂದು ಕರೆಯೆಂದು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಸ್ಕೂಟರ್ ಓಡಿಸುವಾಗ ನಮ್ಮನ್ನು ಕಾಯುವುದು ಇದೇ ಉತ್ತರ. ನಾನೂ ಹಾಗೆಯೇ ಬದುಕಿದವನು. ಈ ಉತ್ತರದ ಮೇಲಿನ ನನ್ನ ನಂಬಿಕೆ ಅಲುಗಾಡಿದ್ದು ಕೆಲವು ವರ್ಷಗಳ ಹಿಂದೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಕಳೆದಾಗ.

ಒಂದು ಸಂಜೆ ನನ್ನ ಅಳಿಯ ಮುಖ ಬಾಡಿಸಿಕೊಂಡು ಮನೆಗೆ ಬಂದ. ಬೆಳಿಗ್ಗೆ ಕಚೇರಿಗೆ ಹೋಗುವಾಗ ಶಾಲೆಯೊಂದರ ಮುಂದೆ ಪೊಲೀಸರು ಅವನ ಕಾರನ್ನು ತಡೆದು ಚೀಟಿ ಬರೆದುಕೊಟ್ಟಿದ್ದರು. ಆ ರಾಜ್ಯದಲ್ಲಿ ಮಕ್ಕಳು ಬಂದುಹೋಗುವ ಹೊತ್ತಿನಲ್ಲಿ ಶಾಲೆಯ ಮುಂದೆ ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್ ವೇಗವನ್ನು ಸಾಮಾನ್ಯವಾಗಿ ಮೀರುವಂತಿಲ್ಲ. ಅಳಿಯನ ಕಾರು 38 ಮೈಲಿ, ಅಂದರೆ 61 ಕಿಲೋಮೀಟರ್ ವೇಗದಲ್ಲಿತ್ತು. "ಮಕ್ಕಳೆಲ್ಲ ಕಾಲುದಾರಿಯ ಮೇಲಿದ್ದರು ಮಾವ, ಒಬ್ಬರೂ ರಸ್ತೆಗೆ ಇಳಿದಿರಲಿಲ್ಲ. ಯಾರಿಗೆ ಏನಾಯಿತು?" ಎಂದು ಅವನು ಬೇಸರದಿಂದ ಕೇಳಿದ. ಅವನದು ಒರಟು ಸ್ವಭಾವವಲ್ಲ. ನನ್ನ ಮೊಮ್ಮಗಳ ಶಾಲೆಯ ಮುಂದೆ ಅವನು ಕಾರನ್ನು ಆಮೆಯಂತೆ ನಡೆಸುವುದನ್ನು ನಾನೇ ಕಂಡಿದ್ದೇನೆ. ಆದರೆ ಅವನು ಸಿಕ್ಕಿಬಿದ್ದದ್ದು ಬೇರೆಯವರ ಮಕ್ಕಳು ಓದುವ ಶಾಲೆಯ ಮುಂದೆ.

ಅಲ್ಲಿಯ ಏರ್ಪಾಡನ್ನು ಸ್ವಲ್ಪ ವಿವರಿಸಬೇಕು. ಇಂತಹ ತಪ್ಪಿಗೆ ದಂಡ ಕಟ್ಟಬೇಕು. ಅದರ ಜೊತೆಗೆ ಚಾಲಕನ ದಾಖಲೆಯಲ್ಲಿ ಒಂದು ಅಂಕ ಸೇರುತ್ತದೆ. ವಿಮಾ ಸಂಸ್ಥೆಯು ಆ ಅಂಕವನ್ನು ಕಂಡರೆ ವಿಮೆಯ ಕಂತನ್ನು ಏರಿಸಬಹುದು. ಆದರೆ ನ್ಯಾಯಾಲಯವು ಅರ್ಹ ಚಾಲಕನಿಗೆ ಒಂದು ಅವಕಾಶ ನೀಡುತ್ತದೆ. ಅವನು ಸುರಕ್ಷಿತ ಚಾಲನೆಯ ಪಾಠಗಳನ್ನು ಓದಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಆ ಅಂಕವು ವಿಮಾ ಸಂಸ್ಥೆಯ ಕಣ್ಣಿಗೆ ಬೀಳದಂತೆ ಗೋಪ್ಯವಾಗಿ ಉಳಿಯುತ್ತದೆ. ಹದಿನೆಂಟು ತಿಂಗಳಿಗೆ ಒಮ್ಮೆ ಮಾತ್ರ ಈ ಅವಕಾಶ. ದಂಡದಲ್ಲಿ ಒಂದು ಡಾಲರೂ ಕಡಿಮೆಯಾಗುವುದಿಲ್ಲ. ಪಾಠದ ಶುಲ್ಕವನ್ನು ಬೇರೆಯಾಗಿ ತೆರಬೇಕು. ಹಿಂದೆ ಇದಕ್ಕಾಗಿ ತರಗತಿಯಲ್ಲಿ ಹೋಗಿ ಕುಳಿತುಕೊಳ್ಳಬೇಕಿತ್ತು. ಈಗ ಮನೆಯಲ್ಲೇ ಅಂತರ್ಜಾಲದ ಮೂಲಕ ಓದಿ ಮುಗಿಸಬಹುದು.

ಅಳಿಯ ಒಂದು ಶನಿವಾರ ಕಂಪ್ಯೂಟರಿನ ಮುಂದೆ ಕುಳಿತ. ಒಂದು ಕಣ್ಣು ಪಾಠದ ಮೇಲೆ, ಇನ್ನೊಂದು ಕಣ್ಣು ಟಿ.ವಿ.ಯ ಪಂದ್ಯದ ಮೇಲೆ. ಪುಟ ಬಂದೊಡನೆ ಗುಂಡಿ ಒತ್ತುತ್ತಾ ಮುಂದೆ ಸಾಗುತ್ತಿದ್ದ. "ಇದೊಂದು ಶಾಸ್ತ್ರ ಮಾವ, ಪ್ರಮಾಣಪತ್ರ ಬಂದರೆ ಸಾಕು" ಎಂದ. ಅವನು ಕಾಫಿ ತರಲು ಎದ್ದುಹೋದಾಗ ಅಲ್ಲಿ ತೆರೆದಿದ್ದ ಪುಟವನ್ನು ನಾನು ಓದಿದೆ. ವಾಹನವು ನಿಲ್ಲಲು ಬೇಕಾದ ದೂರದ ಬಗ್ಗೆ ಬರೆದ ಪುಟವದು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ಅಭ್ಯಾಸದಿಂದ ಒಂದು ಕಾಗದ ತೆಗೆದುಕೊಂಡು ಅಳಿಯನ ಲೆಕ್ಕವನ್ನು ಹಾಕತೊಡಗಿದೆ.

ಓದುಗರೇ, ಆ ಲೆಕ್ಕವನ್ನು ನೀವೂ ನೋಡಿ. ರಸ್ತೆ ಒಣಗಿದೆ, ಬ್ರೇಕು ಚೆನ್ನಾಗಿದೆ, ಚಾಲಕ ಎಚ್ಚರವಾಗಿದ್ದಾನೆ ಎಂದುಕೊಳ್ಳೋಣ. ಅಪಾಯವನ್ನು ಕಂಡ ಕಣ್ಣಿನಿಂದ ಬ್ರೇಕಿನ ಮೇಲಿನ ಕಾಲಿಗೆ ಸುದ್ದಿ ಮುಟ್ಟಲು ಒಂದು ಸೆಕೆಂಡು ಹಿಡಿಯುತ್ತದೆ ಎನ್ನೋಣ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ 11 ಮೀಟರ್ ಓಡುತ್ತದೆ. ಬ್ರೇಕು ಹಿಡಿದ ಮೇಲೆ ಇನ್ನೊಂದು 9 ಮೀಟರ್ ಸಾಗಿ ನಿಲ್ಲುತ್ತದೆ. ಒಟ್ಟು 20 ಮೀಟರ್. ಈಗ ಚೆಂಡಿನ ಹಿಂದೆ ಓಡಿಬಂದ ಮಗುವೊಂದು 20 ಮೀಟರ್ ದೂರದಲ್ಲಿ ರಸ್ತೆಗೆ ಇಳಿಯಿತೆಂದು ಭಾವಿಸಿ. 40ರ ವೇಗದ ಕಾರು ಮಗುವಿನ ಮುಂದೆ ಬಂದು ನಿಲ್ಲುತ್ತದೆ. 61ರ ವೇಗದ ಕಾರಾದರೋ ಬ್ರೇಕಿನ ಮೇಲೆ ಕಾಲು ಬೀಳುವ ಮೊದಲೇ 17 ಮೀಟರ್ ಓಡಿರುತ್ತದೆ. ಉಳಿದದ್ದು ಮೂರೇ ಮೀಟರ್. ಮಗುವನ್ನು ತಲಪುವಾಗ ಅದರ ವೇಗ ಇನ್ನೂ ಗಂಟೆಗೆ 55 ಕಿಲೋಮೀಟರಿನಷ್ಟಿರುತ್ತದೆ. ಒಂದು ಕಾರು ನಿಂತ ಜಾಗದಲ್ಲಿ ಇನ್ನೊಂದು ಕಾರು ಬ್ರೇಕು ಹಿಡಿಯಲು ಇನ್ನೂ ಈಗಷ್ಟೇ ಆರಂಭಿಸಿದೆ! ವೇಗ ಹೆಚ್ಚಿದ್ದು ಒಂದೂವರೆ ಪಟ್ಟು ಮಾತ್ರ. ಫಲದಲ್ಲಿ ಬದುಕಿಗೂ ಸಾವಿಗೂ ಇರುವಷ್ಟು ಅಂತರ.

ಲೆಕ್ಕ ಮುಗಿಯುತ್ತಿದ್ದಂತೆ ನನ್ನ ಕೈಯಲ್ಲಿದ್ದ ಪೆನ್ನು ನಿಂತುಹೋಯಿತು. ಬಹಳ ವರ್ಷಗಳಿಂದ ನೆನಪಿನ ಮೂಲೆಗೆ ಸರಿಸಿಟ್ಟಿದ್ದ ಒಂದು ಬೆಳಗು ಎದ್ದು ಬಂದು ಎದುರಿಗೆ ನಿಂತಿತು.

1987ರಲ್ಲಿ ನಾನು ಹಾಸನದಲ್ಲಿದ್ದೆ. ಶಾಲೆಗೆ ತಡವಾಗಿದೆಯೆಂದು ಸ್ಕೂಟರನ್ನು ವೇಗವಾಗಿ ಓಡಿಸುತ್ತಿದ್ದಾಗ, ತಿರುವಿನಲ್ಲಿ ಸೊಪ್ಪಿನ ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳಿಗೆ ಡಿಕ್ಕಿ ಹೊಡೆದೆ. ಅವಳ ಕಾಲಿನ ಮೂಳೆ ಮುರಿಯಿತು. ಆಸ್ಪತ್ರೆಯ ಖರ್ಚು ಕೊಟ್ಟೆ, ನ್ಯಾಯಾಲಯದಲ್ಲಿ ದಂಡ ಕಟ್ಟಿದೆ. 'ಎಲ್ಲ ಮುಗಿಯಿತಲ್ಲ ಮೇಷ್ಟ್ರೇ' ಎಂದು ಸ್ನೇಹಿತರು ಸಮಾಧಾನ ಹೇಳಿದರು. ಕೆಲವು ತಿಂಗಳ ಮೇಲೆ ಅವಳು ಮತ್ತೆ ಸೊಪ್ಪು ಮಾರಲು ಬಂದಳು. ಆದರೆ ಮೊದಲಿನಂತೆ ಬೀದಿಬೀದಿ ಸುತ್ತಲಾರದೆ ಒಂದೇ ಕಡೆ ಕುಳಿತಿರುತ್ತಿದ್ದಳು. ಏಳುವಾಗ ಕುಂಟುತ್ತಿದ್ದಳು. ಅವಳ ಬಳಿ ಹೋಗಿ ಒಂದು ಮಾತು ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ಊರಲ್ಲಿದ್ದಷ್ಟು ದಿನವೂ ನಾನು ಸೊಪ್ಪನ್ನು ಇನ್ನೊಂದು ಬೀದಿಯಲ್ಲಿ ಕೊಂಡೆ.

ಇಷ್ಟು ದಿನ ನಾನು ಆ ಘಟನೆಯನ್ನು ನೆನೆದಾಗಲೆಲ್ಲ 'ದುರದೃಷ್ಟ' ಎಂದೇ ಕರೆಯುತ್ತಿದ್ದೆ. ಈಗ ಯೋಚಿಸಿದರೆ ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಅವಳು ಆ ಗಳಿಗೆಯಲ್ಲಿ ಆ ತಿರುವಿಗೆ ಬಂದದ್ದು ದುರದೃಷ್ಟ, ನಿಜ. ಆದರೆ ನನ್ನ ವೇಗ ದುರದೃಷ್ಟವಾಗಿರಲಿಲ್ಲ. ಅದು ನನ್ನ ಆಯ್ಕೆಯಾಗಿತ್ತು. ಅದಕ್ಕೆ ಹಿಂದಿನ ದಿನವೂ, ಅದರ ಹಿಂದಿನ ದಿನವೂ ನಾನು ಅದೇ ತಿರುವನ್ನು ಅದೇ ವೇಗದಲ್ಲಿ ದಾಟಿದ್ದೆ. ಆ ದಿನಗಳಲ್ಲಿ ಯಾರಿಗೂ ನೋವಾಗಲಿಲ್ಲ. ಹಾಗೆಂದ ಮಾತ್ರಕ್ಕೆ ಆ ದಿನಗಳ ನಾನು ಒಳ್ಳೆಯ ಚಾಲಕನಾಗಿದ್ದೆನೇ? ಇಲ್ಲ. ಮೂರು ದಿನವೂ ನಾನು ಮಾಡಿದ್ದು ಒಂದೇ ಕೆಲಸ. ಎರಡು ದಿನ ರಸ್ತೆ ನನ್ನನ್ನು ಕ್ಷಮಿಸಿತು, ಮೂರನೆಯ ದಿನ ಕ್ಷಮಿಸಲಿಲ್ಲ. ಹಾಗಾದರೆ ನನಗೂ ನನ್ನ ಅಳಿಯನಿಗೂ ಇರುವ ವ್ಯತ್ಯಾಸವೇನು? ಅವನ ದಾರಿಗೆ ಮಗು ಇಳಿಯಲಿಲ್ಲ, ನನ್ನ ದಾರಿಗೆ ಆ ತಾಯಿ ಇಳಿದಳು. ಅಷ್ಟೇ.

ಆದ್ದರಿಂದ ಪೊಲೀಸರು ಕೈಗಿತ್ತ ಚೀಟಿಯನ್ನು ನಾವು ನೋಡುವ ಬಗೆ ಬದಲಾಗಬೇಕೆಂದು ನನಗನ್ನಿಸುತ್ತದೆ. ಅದು ನಮಗಾದ ಅವಮಾನವಲ್ಲ. ಗಾಯಗೊಂಡವರು ಇನ್ನೂ ಇಲ್ಲದಿರುವಾಗಲೇ ನಮ್ಮ ತಪ್ಪನ್ನು ನಮಗೆ ತಿಳಿಸುವ ಸೂಚನೆ ಅದು. ಬದುಕಿನಲ್ಲಿ ಇಂತಹ ಸೂಚನೆ ಸಿಗುವುದು ಎಷ್ಟು ಅಪರೂಪ! ನಾಲಿಗೆಯಿಂದ ಆಡಿದ ಕಟುಮಾತಿಗೆ, ಮಕ್ಕಳ ವಿಷಯದಲ್ಲಿ ತೋರಿದ ಅಲಕ್ಷ್ಯಕ್ಕೆ ಯಾರೂ ಮುಂಚಿತವಾಗಿ ಚೀಟಿ ಬರೆದುಕೊಡುವುದಿಲ್ಲ. ಹಾನಿಯಾದ ಮೇಲೆಯೇ ನಮಗೆ ತಿಳಿಯುವುದು. ನನಗೆ 1987ರ ಆ ವಾರದ ಮೊದಲ ದಿನವೇ ಯಾರಾದರೂ ಒಂದು ಚೀಟಿ ಕೊಟ್ಟಿದ್ದರೆ ಒಬ್ಬ ಹೆಂಗಸು ಇಂದಿಗೂ ನೇರವಾಗಿ ನಡೆಯುತ್ತಿದ್ದಳೋ ಏನೋ.

ಆದರೆ ಚೀಟಿಯನ್ನು ನಾವು ಸೂಚನೆಯೆಂದು ಓದುವುದಿಲ್ಲ, ಬಿಲ್ಲೆಂದು ಓದುತ್ತೇವೆ. ನಮ್ಮ ರಾಜ್ಯದಲ್ಲಿಯೇ 2023ರ ಫೆಬ್ರವರಿಯಲ್ಲಿ ಬಾಕಿ ಉಳಿದಿದ್ದ ಸಂಚಾರ ದಂಡಗಳಿಗೆ ಶೇಕಡಾ 50ರ ರಿಯಾಯಿತಿ ಘೋಷಿಸಿದಾಗ ಜನ ಸಾಲುಗಟ್ಟಿ ನಿಂತರು. ಬೆಂಗಳೂರಿನಲ್ಲಿ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮಿಗಿಲಾದ ಹಣ ಸಂಗ್ರಹವಾಯಿತು. 2025ರಲ್ಲಿಯೂ ಅಂತಹ ರಿಯಾಯಿತಿ ಬಂದಿತು. ಬಾಕಿ ವಸೂಲಿಗೆ ಅದೊಂದು ಉಪಾಯವಿರಬಹುದು. ನಾನು ಅದನ್ನು ದೂರುತ್ತಿಲ್ಲ. ಆದರೆ ಅಂದು ಸಾಲಿನಲ್ಲಿ ನಿಂತ ನಮ್ಮಲ್ಲಿ ಎಷ್ಟು ಮಂದಿ 'ಅರ್ಧಬೆಲೆಗೆ ಮುಗಿಯಿತು' ಎಂದು ಸಂತೋಷಪಟ್ಟೆವು, ಎಷ್ಟು ಮಂದಿ ಆ ಚೀಟಿಯಲ್ಲಿದ್ದ ಚಿತ್ರವನ್ನು ನೋಡಿ 'ಆ ದಿನ ನಾನು ಹೀಗೇಕೆ ಓಡಿಸಿದೆ?' ಎಂದು ಕೇಳಿಕೊಂಡೆವು?

ದಂಡವು ಬೆಲೆಯಾಗಿ ಬದಲಾಗುವ ಈ ಗುಣ ನಮ್ಮ ಊರಿಗಷ್ಟೇ ಸೇರಿದ್ದಲ್ಲ. ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ತಿಕೀನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಇಸ್ರೇಲಿನ ಹೈಫಾ ನಗರದ ಕೆಲವು ಶಿಶುಪಾಲನಾ ಕೇಂದ್ರಗಳಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ಸಣ್ಣ ದಂಡ ವಿಧಿಸಲಾಯಿತು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು! ಮೊದಲು ತಡವಾದರೆ, ಕಾದು ಕುಳಿತ ಶಿಕ್ಷಕಿಯ ಮುಖ ನೋಡಲು ಸಂಕೋಚವಾಗುತ್ತಿತ್ತು. ದಂಡ ಬಂದ ಮೇಲೆ 'ಹಣ ಕೊಟ್ಟಿದ್ದೇನಲ್ಲ' ಎಂಬ ಧೈರ್ಯ ಬಂದಿತು. ಆಮೇಲೆ ದಂಡವನ್ನು ತೆಗೆದುಹಾಕಿದರೂ ಕಳೆದುಹೋದ ಸಂಕೋಚ ಹಿಂದಿರುಗಲಿಲ್ಲ. ನಾನು ಆಸ್ಪತ್ರೆಯ ಖರ್ಚು ಕೊಟ್ಟು ಇನ್ನೊಂದು ಬೀದಿಗೆ ತಿರುಗಿದ್ದೂ ಇದೇ ಧೈರ್ಯದಿಂದಲ್ಲವೇ?

ಹಾಗಾದರೆ ಪಾಠ ಓದಿದರೆ ಮನುಷ್ಯ ಬದಲಾಗುತ್ತಾನೆಯೇ? ಬ್ರಿಟನ್ನಿನಲ್ಲಿ ಇದೇ ಬಗೆಯ ವೇಗ ಜಾಗೃತಿ ತರಗತಿಗಳಿವೆ. ಅಲ್ಲಿ ದಂಡ ಮತ್ತು ಅಂಕಗಳ ಬದಲಿಗೆ ತರಗತಿಯನ್ನು ಆರಿಸಿಕೊಳ್ಳಬಹುದು. ಅಲ್ಲಿಯ ಸಾರಿಗೆ ಇಲಾಖೆಗಾಗಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಗತಿಗೆ ಹೋದವರು ಮುಂದಿನ ಆರು ತಿಂಗಳಲ್ಲಿ ಮತ್ತೆ ವೇಗದ ತಪ್ಪಿಗೆ ಸಿಕ್ಕಿಬೀಳುವ ಸಂಭವ ಶೇಕಡಾ 12ರಿಂದ 23ರಷ್ಟು ಕಡಿಮೆಯೆಂದು ಕಂಡುಬಂದಿತು. ಅಂದರೆ ಪಾಠ ವ್ಯರ್ಥವಲ್ಲ; ಪವಾಡವೂ ಅಲ್ಲ. ನಮ್ಮ ದೇಶದಲ್ಲಿಯೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು, ಅನರ್ಹಗೊಂಡ ಚಾಲಕನು ಪರವಾನಗಿಯನ್ನು ಮರಳಿ ಪಡೆಯಬೇಕಾದರೆ ಪುನಶ್ಚೇತನ ತರಬೇತಿಯನ್ನು ಮುಗಿಸಬೇಕೆಂದು ಹೇಳಿದೆ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರಕಾರದ ವರದಿಯೇ ಹೇಳುವಾಗ ಇಂತಹ ಕಲಿಕೆಯನ್ನು ಯಾರು ಬೇಡವೆನ್ನಬಲ್ಲರು?

ಆದರೆ ಕಾನೂನಿನ ಕೈಗೆ ಒಂದು ಮಿತಿಯಿದೆ. ಅದು ನಮ್ಮಿಂದ ಹಣ ಪಡೆಯಬಲ್ಲದು, ನಮ್ಮ ಸಮಯವನ್ನೂ ಪಡೆಯಬಲ್ಲದು, ಪರೀಕ್ಷೆಯ ಉತ್ತರವನ್ನೂ ಪಡೆಯಬಲ್ಲದು. ನಮ್ಮ ಗಮನವನ್ನು ಮಾತ್ರ ನಾವಾಗಿಯೇ ಕೊಡಬೇಕು. ಅಂಕವನ್ನು ವಿಮಾ ಸಂಸ್ಥೆಯಿಂದ ಮರೆಮಾಡಬಹುದು. ನಮ್ಮ ಆತ್ಮಸಾಕ್ಷಿಯಿಂದ ಮರೆಮಾಡುವ ತರಗತಿ ಎಲ್ಲಿಯೂ ಇಲ್ಲ. ಪಾಠದ ಒಂದು ಪುಟವನ್ನು ಓದುತ್ತಾ, 'ಆ 20 ಮೀಟರಿನ ಕೊನೆಯಲ್ಲಿ ನಿಂತಿರುವುದು ಯಾರ ಮಗು?' ಎಂದು ಕೇಳಿಕೊಳ್ಳುವವನಿಗೆ ಅದು ಶಿಕ್ಷಣ. ಗುಂಡಿ ಒತ್ತಿ ಮುಂದೆ ಹೋಗುವವನಿಗೆ ಅದು ಇನ್ನೊಂದು ಬಿಲ್ಲು.

ಕಾಫಿ ತಂದ ಅಳಿಯನಿಗೆ ನಾನು ಉಪದೇಶ ಮಾಡಲಿಲ್ಲ. ಲೆಕ್ಕದ ಕಾಗದವನ್ನು ಮುಂದಿಟ್ಟೆ, ಹಾಸನದ ಕಥೆಯನ್ನು ಹೇಳಿದೆ. ನನ್ನ ಮಗಳಿಗೂ ಅದು ಅಂದಿನವರೆಗೆ ತಿಳಿದಿರಲಿಲ್ಲ. ಅವನು ಏನೂ ಮಾತನಾಡದೆ ಟಿ.ವಿ.ಯನ್ನು ಆರಿಸಿದ. ಅವನು ಬದಲಾದನೇ ಎಂದು ಕೇಳಿದರೆ ನನ್ನಲ್ಲಿ ದೊಡ್ಡ ಸಾಕ್ಷಿಯಿಲ್ಲ. ಮರುವಾರದಿಂದ ಬೆಳಿಗ್ಗೆ ಹತ್ತು ನಿಮಿಷ ಮುಂಚೆ ಮನೆ ಬಿಡತೊಡಗಿದ. ನಾನು ಕಂಡದ್ದು ಇಷ್ಟೇ. ನಾನಾದರೋ ಊರಿಗೆ ಮರಳಿದ ಮೇಲೆ ಹಾಸನಕ್ಕೆ ಹೋಗಿಬಂದೆ. ಆ ಜಾಗದಲ್ಲಿ ಈಗ ಅಂಗಡಿಗಳ ಸಾಲಿದೆ. ಅವಳನ್ನು ಬಲ್ಲವರು ಯಾರೂ ಸಿಗಲಿಲ್ಲ. ಹೆಸರನ್ನೇ ಕೇಳಿಟ್ಟುಕೊಳ್ಳದವನು ಯಾರನ್ನು ಏನೆಂದು ವಿಚಾರಿಸಲಿ?

ಪ್ರಿಯ ಓದುಗರೇ, ತಡವಾದ ಪಶ್ಚಾತ್ತಾಪಕ್ಕೆ ವಿಳಾಸ ಸಿಗುವುದು ಕಷ್ಟ. ನಿಮ್ಮ ಮನೆಯಲ್ಲಿ ಇನ್ನೂ ಹದಿನೆಂಟು ತುಂಬದ ಮಗ ಬೈಕಿನ ಕೀಲಿ ಕೇಳುತ್ತಿರಬಹುದು. ನೀವೇ ಇಂದು ಬೆಳಿಗ್ಗೆ ಒಂದು ಕೆಂಪು ದೀಪವನ್ನು ದಾಟಿಬಂದಿರಬಹುದು. ಯಾರಿಗೂ ನೋವಾಗಿಲ್ಲ, ದೊಡ್ಡ ಭಾಗ್ಯ. ಅದನ್ನು ಬುದ್ಧಿವಂತಿಕೆಯೆಂದು ಎಣಿಸಬೇಡಿ, ಋಣವೆಂದು ಎಣಿಸಿ. ನಾಳೆ ಹತ್ತು ನಿಮಿಷ ಮುಂಚೆ ಹೊರಟರೆ ಆ ಋಣದ ಮೊದಲ ಕಂತು ಸಂದಂತಾಗುತ್ತದೆ. ಅದನ್ನು ಪಡೆದುಕೊಳ್ಳುವ ಮಗುವಿಗೆ ತನಗೆ ಏನೋ ದೊರೆಯಿತೆಂಬುದು ಎಂದಿಗೂ ತಿಳಿಯುವುದಿಲ್ಲ. ಅದು ಎಂದಿನಂತೆ ಚೀಲ ಹೊತ್ತು ಶಾಲೆಗೆ ಹೋಗುತ್ತದೆ, ಎಂದಿನಂತೆ ಮನೆಗೆ ಬರುತ್ತದೆ.