ಬುಡದಿಂದ ಬುಡಕ್ಕೆ ಎಷ್ಟು?

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಮ್ಮ ಒಂದು ಕೆಲಸ ಹೇಳಿದ್ದಳು. ದೀಪಾವಳಿ ಕಳೆದು, ಮಳೆ ಪೂರ್ತಿ ಬಿಟ್ಟ ಮೇಲೆ ಕೆರೆಯ ಬದಿಯ ಜಾಗದಲ್ಲಿ ಸೌತೆ ಹಾಕುವುದು ನಮ್ಮಲ್ಲಿ ವಾಡಿಕೆ. ಹೊಂಡ ತೆಗೆದು, ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿ, ಒಂದೊಂದು ಹೊಂಡಕ್ಕೆ ಐದು ಬೀಜ. ಎರಡು ವಾರ ಕಳೆದ ಮೇಲೆ ಮೂರು ಗಿಡ ಉಳಿಸಿ ಎರಡನ್ನು ಕಿತ್ತು ತೆಗೆಯಬೇಕು. ಆ ಕೀಳುವ ಕೆಲಸ ನನ್ನದು.

ನಾನು ಕೀಳಲಿಲ್ಲ. ಎಲ್ಲಾ ಹೊಂಡದಲ್ಲೂ ಐದೈದು ಗಿಡ ಹಾಗೇ ಇದ್ದವು. ಸಂಜೆ ನೀರು ಹಾಕಲಿಕ್ಕೆ ಬಂದ ಅಮ್ಮ ಕೇಳಿದಳು: "ಎಂತ ಮಾಡಿದ್ದು ನೀನು? ಐದನ್ನೂ ಬಿಟ್ಟಿದ್ದೀಯಲ್ಲ!"

"ಕಿತ್ರೆ ಸಾಯ್ತದಲ್ಲ ಅಮ್ಮ."

"ಬಿಟ್ರೆ ಐದೂ ಸಾಯ್ತದೆ ಮಗಾ, ನಿಧಾನಕ್ಕೆ. ಅದು ನಿನಗೆ ಕಾಣ್ಲಿಕ್ಕಿಲ್ಲ, ಅಷ್ಟೇ."

ನನ್ನ ಹಟಕ್ಕೆ ಅವಳು ಎರಡು ಹೊಂಡಗಳನ್ನು ಬಿಟ್ಟುಕೊಟ್ಟಳು. ಶಿವರಾತ್ರಿಯ ಹೊತ್ತಿಗೆ ಆ ಎರಡು ಹೊಂಡಗಳಲ್ಲಿ ಸಿಕ್ಕಿದ್ದು ಬಳ್ಳಿಯ ಗೋಜಲು ಮತ್ತು ಮುಷ್ಟಿಗಾತ್ರದ ನಾಲ್ಕು ಕಾಯಿ. ಉಳಿದ ಹೊಂಡಗಳ ಸೌತೆಯನ್ನು ಬಾಳೆಪಟ್ಟೆಯ ಹಗ್ಗದಲ್ಲಿ ಕಟ್ಟಿ ಅಟ್ಟಕ್ಕೆ ನೇಲಿಸಿದ್ದು ಮುಂದಿನ ಮಳೆಗಾಲಕ್ಕೂ ಬಂತು.

ಎಲ್ಲರಿಗೂ ಜಾಗ ಕೊಡುತ್ತೇನೆ ಅಂತ ಒತ್ತಿ ತುಂಬಿಸಿದರೆ ಯಾರಿಗೂ ಜಾಗ ಕೊಟ್ಟ ಹಾಗೆ ಆಗುವುದಿಲ್ಲ ಎಂಬುದು ನಾನು ಕಲಿತ ಮೊದಲ ಪಾಠ. ಈ ಪಾಠ ಸುಳ್ಳಲ್ಲ. ಆದರೆ ಅದು ಅರ್ಧ ಪಾಠ ಅಂತ ಗೊತ್ತಾಗಲಿಕ್ಕೆ ನನಗೆ ಅರುವತ್ತು ದಾಟಬೇಕಾಯಿತು.

ಅಮ್ಮನ ಹತ್ತಿರ ಇನ್ನೊಂದು ವಿದ್ಯೆ ಇತ್ತು. ಹೊಂಡದಿಂದ ಹೊಂಡಕ್ಕೆ ಎರಡು ಮೀಟರಿನಷ್ಟು ಜಾಗ ಬಿಟ್ಟರೂ ಆ ಜಾಗ ಅವಳ ಕಾಲದಲ್ಲಿ ಖಾಲಿ ಇದ್ದದ್ದು ನಾನು ನೋಡಿಲ್ಲ. ಸೌತೆಯ ಬಳ್ಳಿ ಹರಡಲಿಕ್ಕೆ ತಿಂಗಳು ಬೇಕು. ಅಷ್ಟರೊಳಗೆ ಅಲ್ಲಿ ಹರಿವೆ ಎದ್ದು, ಕೊಯ್ದು, ಸಾರಾಗಿ ಮುಗಿದಿರುತ್ತಿತ್ತು. ಹರಿವೆಯಲ್ಲಿ ದಟ್ಟ ಬಂದದ್ದನ್ನು ಕಿತ್ತರೆ ಅದೇ ಅಡಿಗೆಗೆ. ಅಲ್ಲಿ ಕೀಳುವುದೇ ಕೊಯ್ಲು. ಬದಿಯಲ್ಲಿ ಅಲಸಂಡೆ. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ, ಹಾಗಾಗಿ ಅದಕ್ಕೆ ಗೊಬ್ಬರದ ಆಸೆ ಕಡಿಮೆ. ಸ್ನಾನದ ನೀರು ಹೋಗುವಲ್ಲಿ ಬಸಳೆ ಚಪ್ಪರ, ನೆರಳು ಬೀಳುವ ಮೂಲೆಯಲ್ಲಿ ಕೆಸು, ಅರಸಿನ, ಸುವರ್ಣಗೆಡ್ಡೆ. ಒಂದೇ ಹೊತ್ತಿಗೆ ಒಂದೇ ವಸ್ತುವನ್ನು ಕೇಳುವವರು ಹತ್ತಿರ ಇದ್ದರೆ ಜಗಳ. ಬೇರೆ ಹೊತ್ತಿಗೆ ಬೇರೆ ವಸ್ತುವನ್ನು ಕೇಳುವವರು ಎಷ್ಟು ಹತ್ತಿರ ಇದ್ದರೂ ನಡೆಯುತ್ತದೆ. ಅಂತರ ಬಿಡುವುದು, ಆ ಅಂತರದಲ್ಲೇ ಅಂತರಬೆಳೆ ತೆಗೆಯುವುದು: ಇಷ್ಟೇ ಅವಳ ಗುಟ್ಟು.

ಮೇಷ್ಟ್ರಾದ ಮೇಲೆ ಈ ಗುಟ್ಟನ್ನು ನಾನು ಎಷ್ಟು ಸಲ ಭಾಷಣ ಮಾಡಿದ್ದೇನೆ ಅಂತ ಲೆಕ್ಕವಿಲ್ಲ. ಇದೇ ವಾಚನಾಲಯದ ವಾರ್ಷಿಕೋತ್ಸವದಲ್ಲೂ ಹೇಳಿದ್ದು ಕೆಲವರಿಗೆ ನೆನಪಿರಬಹುದು. ಹೊಂದಿಕೊಂಡು ಬಾಳುವುದನ್ನು ತರಕಾರಿ ಸಾಲಿನಿಂದ ಕಲಿಯಬೇಕು ಅಂತ. ಆ ದಿನ ಎದುರಿನ ಸಾಲಿನಲ್ಲಿ ಅಣ್ಣ ಕೂತಿದ್ದ. ಕೊನೆಗೆ ಚಪ್ಪಾಳೆಯೂ ತಟ್ಟಿದ.

ಈಗ ಆ ಅಣ್ಣನ ಕತೆ ಹೇಳಬೇಕು.

ಅಪ್ಪ ಹೋದ ಮೇಲೆ 1993ರಲ್ಲಿ ನಮ್ಮ ಪಾಲಾಯಿತು. ಕೆರೆಯ ಬದಿಯ ಜಾಗ ಸರಿಯಾಗಿ ಎರಡು ತುಂಡು. ಉತ್ತರದ್ದು ಅಣ್ಣನಿಗೆ, ದಕ್ಷಿಣದ್ದು ನನಗೆ. ಅವನಿಗೆ ಜೀವನಕ್ಕೆ ಜಾಗ ಬಿಟ್ಟರೆ ಬೇರೆ ಇಲ್ಲ, ನನಗೆ ತಿಂಗಳಾದರೆ ಸಂಬಳ. ಆದರೂ ಸರಿಪಾಲು ಸರಿಪಾಲೇ ಅಂತ ನಾನು ಕೂತೆ. ಅವನು ತನ್ನ ತುಂಡಿನಲ್ಲಿ ಅಮ್ಮನ ಹಾಗೆಯೇ ಸೌತೆ, ಕುಂಬಳ ಹಾಕಿ ಪೇಟೆಗೆ ಕೊಡುತ್ತಿದ್ದ. ನನಗೆ ಶಾಲೆ ಮುಗಿಸಿ ಬಂದು ನೀರು ಹಾಕಲಿಕ್ಕೆ ಆಗುವ ಮಾತಲ್ಲ. ಮರುವರ್ಷ ಮೇ ತಿಂಗಳಲ್ಲಿ ತೆಂಗು ನೆಟ್ಟೆ.

ಶಾಸ್ತ್ರೀಯವಾಗಿಯೇ ನೆಟ್ಟೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಿಪಿಸಿಆರ್‌ಐ ನಮ್ಮ ಕಾಸರಗೋಡಿನಲ್ಲೇ ಇದೆ. ತೆಂಗಿಗೆ ಬುಡದಿಂದ ಬುಡಕ್ಕೆ ಏಳೂವರೆ ಮೀಟರ್, ಅಂದರೆ ಸುಮಾರು ಇಪ್ಪತ್ತೈದು ಅಡಿ ಬೇಕು ಎಂಬುದು ಇಲ್ಲಿ ಕೃಷಿಕರೆಲ್ಲರಿಗೂ ಬಾಯಿಪಾಠ. ನಾನು ಟೇಪು ಹಿಡಿದು ಅಳೆದೆ. ನನ್ನ ಒಂದು ಮರ ನನ್ನ ಇನ್ನೊಂದು ಮರಕ್ಕೆ ತೊಂದರೆ ಕೊಡದ ಹಾಗೆ ಗುರುತು ಹಾಕಿದೆ. ಆದರೆ ಮೊದಲನೇ ಸಾಲು, ನಾಲ್ಕು ತೆಂಗು, ಅಣ್ಣನ ಗಡಿಯಿಂದ ಒಂದೇ ಕೋಲು ಈಚೆಗೆ. ನ್ಯಾಯವಾಗಿ ಆ ಇಪ್ಪತ್ತೈದು ಅಡಿಯ ಅರ್ಧವನ್ನಾದರೂ ಗಡಿಯಲ್ಲಿ ನಾನು ಬಿಡಬೇಕಿತ್ತು. ಬಿಟ್ಟಿದ್ದರೆ ನನಗೆ ಒಂದು ಸಾಲು ಕಡಿಮೆಯಾಗುತ್ತಿತ್ತು.

ಮೇ ತಿಂಗಳಲ್ಲಿ ನಮ್ಮ ಊರಿನ ಸೂರ್ಯ ನೆತ್ತಿಗಿಂತ ಚೂರು ಉತ್ತರಕ್ಕೆ. ಮಧ್ಯಾಹ್ನ ಸಸಿಯ ನೆರಳು ಬಿದ್ದದ್ದು ನನ್ನ ಕಡೆಗೇ. ಅದನ್ನು ನೋಡಿ ನಾನು ಸಮಾಧಾನ ಮಾಡಿಕೊಂಡೆ. ತರಕಾರಿಯ ಕಾಲವಾದ ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಹೋಗುತ್ತಾನೆ, ನೆರಳು ಉತ್ತರಕ್ಕೆ ಚಾಚುತ್ತದೆ ಎಂಬುದು ಮಕ್ಕಳಿಗೆ ಭೂಗೋಲ ಹೇಳಿಕೊಡುವ ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದನ್ನು ನೆನಪು ಮಾಡಿಕೊಳ್ಳಲಿಲ್ಲ.

ನಿವೃತ್ತಿಯ ಮೇಲೆ ಒಂದು ಡಿಸೆಂಬರಿನಲ್ಲಿ ನನಗೂ ನಾಲ್ಕು ಹೊಂಡ ಸೌತೆ ಹಾಕುವ ಆಸೆಯಾಯಿತು. ಬಿಸಿಲು ಎಲ್ಲಿ ಬೀಳುತ್ತದೆ ಅಂತ ನೋಡುತ್ತಾ ಗಡಿಯ ವರೆಗೆ ಹೋದೆ. ಅಣ್ಣನ ತುಂಡಿನಲ್ಲಿ ಅರ್ಧಕ್ಕರ್ಧ ನನ್ನ ತೆಂಗಿನ ನೆರಳು. ಅಲ್ಲಿ ಸುವರ್ಣಗೆಡ್ಡೆ, ಅರಸಿನ ಇದ್ದವು. ಸೌತೆ ಇರಲಿಲ್ಲ. ಅಲ್ಲೇ ಇದ್ದ ಅತ್ತಿಗೆಯನ್ನು ಕೇಳಿದೆ. "ಇಲ್ಲಿ ಸೌತೆ ಆಗ್ಲಿಕ್ಕಿಲ್ಲ ಅಂತ ಬಿಟ್ಟು ಇಪ್ಪತ್ತು ವರ್ಷ ಆಯ್ತಲ್ಲ. ನೀವು ನೋಡ್ಲಿಲ್ವಾ?" ಅಂದರು.

ನೋಡಿದ್ದೆ. ಅಣ್ಣನೂ ಅಮ್ಮನ ಹಾಗೆ ನೆರಳಿಗೆ ಹೊಂದುವ ಬೆಳೆ ಹಾಕಿದ್ದಾನೆ, ಜಾಣ, ಅಂತ ಮನಸ್ಸಿನಲ್ಲೇ ಮೆಚ್ಚಿದ್ದೆ ಕೂಡ.

ನನ್ನನ್ನು ಕಾಡುವ ಪ್ರಶ್ನೆ ಇದು. ನನ್ನ ಗಡಿಯೊಳಗೆ, ನನ್ನ ಹಕ್ಕಿನ ಜಾಗದಲ್ಲಿ ನಾನು ಮಾಡಿದ್ದಕ್ಕೆ ಮತ್ತೊಬ್ಬನಿಗೆ ಉತ್ತರ ಹೇಳಬೇಕೇ? ಪಾಲುಪಟ್ಟಿಯ ಪ್ರಕಾರ ಬೇಡ. ಆದರೆ ಪಟ್ಟಿಯಲ್ಲಿ ಇರುವುದು ನೆಲದ ಗಡಿ ಮಾತ್ರ. ಬಿಸಿಲಿಗೆ, ಬೇರಿಗೆ ಗಡಿಕಲ್ಲಿಲ್ಲ. ತೆಂಗಿನ ಬೇರು ಬುಡದಿಂದ ಎರಡು ಮೀಟರ್ ಸುತ್ತ ದಟ್ಟವಾಗಿರುತ್ತದೆ; ಅಂದರೆ ಅಣ್ಣ ತನ್ನ ಅಂಚಿಗೆ ಹಾಕಿದ ಗೊಬ್ಬರವನ್ನೂ ನನ್ನ ಮರ ತಿಂದಿದೆ. 1956ರಲ್ಲಿ ಯಾರೋ ಕಾಗದದಲ್ಲಿ ಎಳೆದ ಗೆರೆಯ ಈಚೆ ಬದುಕುತ್ತಿರುವ ನಮಗೆ, ಗೆರೆ ಎಳೆದಲ್ಲಿಗೆ ಲೆಕ್ಕ ಮುಗಿಯುವುದಿಲ್ಲ ಅಂತ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಮನೆಯ ಗೆರೆಯಲ್ಲಿ ನಾನು ಅದನ್ನೇ ಮರೆತೆ.

ಅಮ್ಮ ಸೌತೆಯ ಗಿಡ ಕೀಳುವಾಗ ಅವಳು ಹೊಂಡದ ಹೊರಗೆ ನಿಂತವಳು. ಯಾವುದು ಉಳಿದರೂ ಅವಳಿಗೆ ಸಮ. ಮನುಷ್ಯರ ನಡುವೆ ಅಂತರ ಅಳೆಯುವವನು ತಾನೂ ಹೊಂಡದೊಳಗಿನ ಒಂದು ಗಿಡ. ಅವನ ಕೈಯಲ್ಲಿ ಟೇಪು ಇದ್ದರೆ ಅಳತೆ ಅವನ ಬುಡದಿಂದಲೇ ಶುರುವಾಗುತ್ತದೆ. ಹಾಗಾಗಿ ತರಕಾರಿ ಸಾಲಿನ ನೀತಿಯನ್ನು ಹಾಗೆಯೇ ಎತ್ತಿ ಮನೆಗೆ, ಊರಿಗೆ ತರುವಾಗ ಜಾಗ್ರತೆ ಬೇಕು. ಹೊಂದಾಣಿಕೆ ದೊಡ್ಡ ಗುಣವೇ. ಆದರೆ ನೆರಳು ಹಾಕುವವನು ನೆರಳಿನಲ್ಲಿ ಇರುವವನಿಗೆ ಅದನ್ನು ಬೋಧಿಸಬಾರದು. ಕೆಸುವನ್ನು ಅಮ್ಮ ನೆರಳಿನಲ್ಲಿ ನೆಟ್ಟದ್ದು ಕೆಸುವಿಗೆ ಅದು ಒಗ್ಗುತ್ತದೆ ಅಂತ. ಅಣ್ಣ ಸುವರ್ಣಗೆಡ್ಡೆ ನೆಟ್ಟದ್ದು ಬೇರೆ ದಾರಿ ಇಲ್ಲದೆ. ಹೊರಗಿನಿಂದ ಎರಡೂ ಒಂದೇ ಹಾಗೆ ಕಾಣುತ್ತದೆ.

ಆ ರಾತ್ರಿ ಅಣ್ಣನ ಜಗಲಿಗೆ ಹೋಗಿ ಹೇಳಿದೆ: "ಅಣ್ಣಾ, ಗಡಿಯ ನಾಲ್ಕು ತೆಂಗು ಕಡಿಸ್ತೇನೆ."

ಅವನು ನಕ್ಕ. "ಈಗ ಯಾಕೆ ಮಾರಾಯಾ? ಮರ ಎತ್ತರ ಆಗಿ ಅಡಿಯಿಂದ ಬಿಸಿಲು ಬರ್ಲಿಕ್ಕೆ ಶುರುವಾಗಿದೆ. ಬಗ್ಗಲಿಕ್ಕೆ ನನಗೆ ಸೊಂಟ ಇಲ್ಲ, ಅಷ್ಟೇ."

ಅವನು ಹೇಳಿದ್ದು ಸರಿ. ಎಂಟರಿಂದ ಇಪ್ಪತ್ತೈದು ವರ್ಷದ ವರೆಗೆ ತೆಂಗಿನ ಅಡಿಗೆ ಬಿಸಿಲು ಕಡಿಮೆ, ಆಮೇಲೆ ಪುನಃ ಹೆಚ್ಚುತ್ತದೆ ಅಂತ ಬಲ್ಲವರೂ ಹೇಳುತ್ತಾರೆ. ಬಿಸಿಲು ತಿರುಗಿ ಬಂತು. ನಡುವಿನ ವರ್ಷ ಬರುವುದಿಲ್ಲ.

"ಆಗಲೇ ಯಾಕೆ ಹೇಳ್ಲಿಲ್ಲ ನೀನು?"

"ನೀನು ಅಳೆದು ನೆಟ್ಟದ್ದಲ್ವಾ? ಟೇಪು ಹಿಡಿದವನಿಗೆ ಹೇಳುವುದೆಂತ?"

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ತೆಂಗು ಹಾಗೇ ಇದೆ. ಗಡಿಯ ಸಾಲಿನ ಕಾಯಿ ಅಣ್ಣನ ಮನೆಗೆ ಅಂತ ಮಾಡಿದ್ದೇನೆ. ಅವನು ಬೇಡ ಅಂದ, ಅತ್ತಿಗೆ ಬೇಡ ಅನ್ನಲಿಲ್ಲ. ಇದರಿಂದ ಲೆಕ್ಕ ಚುಕ್ತಾ ಆಯಿತು ಅಂತ ನಾನು ತಿಳಿದಿಲ್ಲ.

ಕಳೆದ ವರ್ಷ ಅಣ್ಣನ ತುಂಡಿನಲ್ಲೇ, ಬಿಸಿಲು ಬೀಳುವಲ್ಲಿ, ಹನ್ನೆರಡು ಹೊಂಡ ತೆಗೆದೆ. ಬೀಜ ಅತ್ತಿಗೆ ಕೊಟ್ಟರು. ಎರಡು ವಾರ ಕಳೆದು ಕೀಳಲಿಕ್ಕೆ ಕೂತಾಗ ಅಣ್ಣ ಕುರ್ಚಿ ತರಿಸಿಕೊಂಡು ಬದುವಿನಲ್ಲಿ ಕೂತ. ಮೊದಲ ಹೊಂಡದಲ್ಲಿ ನನ್ನ ಕೈ ಒಂದು ಗಿಡಕ್ಕೆ ಹೋಯಿತು.

"ಅದಲ್ಲ," ಅಂದ ಅಣ್ಣ. "ಅದರ ಬದಿಯದ್ದು."

ನಾನು ಕೈ ಬದಲಿಸಿದೆ. ಹನ್ನೆರಡು ಹೊಂಡಕ್ಕೂ ಅವನನ್ನು ಕೇಳಿಯೇ ಕಿತ್ತದ್ದು.