ಆಪ್ತವಾಕ್ಯವೂ ಅಶರೀರವಾಣಿಯೂ

ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದವನ್ನೂ ಪ್ರಮಾಣವೆಂದು ಗೌತಮಮುನಿಯು ಅಂಗೀಕರಿಸಿದ್ದಾನೆ. ಆದರೆ ಕಿವಿಗೆ ಬಿದ್ದ ಶಬ್ದವೆಲ್ಲವೂ ಪ್ರಮಾಣವಲ್ಲ. ಆಪ್ತನ ಉಪದೇಶ ಮಾತ್ರವೇ ಪ್ರಮಾಣವು. ಆಪ್ತನಾರು? ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತುದನ್ನು ಅರಿತಂತೆಯೇ ಪರರಿಗೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಎಂದು ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸಿ, ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದಿದ್ದಾನೆ. ಕುಲವಾಗಲಿ ಪದವಿಯಾಗಲಿ ಕಂಠಮಾಧುರ್ಯವಾಗಲಿ ಆಪ್ತತ್ವಕ್ಕೆ ಕಾರಣವಲ್ಲವೆಂಬುದೇ ಇದರ ತಾತ್ಪರ್ಯವು.

ಈ ವಿಚಾರವು ಇಂದು ಪಾಠಶಾಲೆಯ ಗೋಡೆಗಳನ್ನು ದಾಟಿ ಇಲವಾಲದ ಹೊಲಗಳಿಗೂ ಬಂದಿರುತ್ತದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದರು. ಅಂದಿನ ವಾಣಿಯು ನುಡಿದೊಡನೆ ಅಡಗಿಹೋಗುತ್ತಿದ್ದಿತು. ಇಂದಿನ ಪಾಡ್‌ಕಾಸ್ಟ್ ಹಾಗಲ್ಲ. ಒಮ್ಮೆ ನುಡಿದುದು ಉಳಿಯುತ್ತದೆ, ಬೇಕೆಂದಾಗ ಮೊಬೈಲಿನಲ್ಲಿ ಮರುಕಳಿಸುತ್ತದೆ. ಅಕ್ಷರವರಿಯದ ಮುದುಕಿಗೂ, ಕಳೆ ಕೀಳುತ್ತಿರುವ ರೈತನಿಗೂ ಆರೋಗ್ಯದ ತಿಳಿವಳಿಕೆಯು ಇದರಿಂದ ಸುಲಭವಾಗಿ ದೊರೆಯುವುದು. ವಿಶ್ವ ಆರೋಗ್ಯ ಸಂಸ್ಥೆಯು ಸಹ 2020ರ ಮಹಾಮಾರಿಯ ಕಾಲದಲ್ಲಿ ಇಂತಹ ಕಿರುಸಂಭಾಷಣೆಗಳನ್ನು ಆರಂಭಿಸಿತು.

ಆದರೆ ಉಳಿಯುವುದೆಂಬ ಗುಣವೇ ದೋಷವೂ ಆಗಬಹುದು. ಅದೇ 2020ರಲ್ಲಿ ಮುಖಗವಸಿನ ವಿಷಯದಲ್ಲಿ ಆ ಸಂಸ್ಥೆಯ ಸಲಹೆಯು ಜೂನ್ ತಿಂಗಳಿನಲ್ಲಿ ಬದಲಾಯಿತು. ಅದಕ್ಕೆ ಮೊದಲು ಮುದ್ರಿತವಾದ ಧ್ವನಿಗೆ ಆ ಬದಲಾವಣೆಯು ತಿಳಿಯದು. ಹಾವು ಕಚ್ಚಿದರೆ ಗಾಯವನ್ನು ಕೊಯ್ದು, ಮೇಲೆ ಬಿಗಿಯಾಗಿ ಕಟ್ಟಬೇಕೆಂದು ಹಳೆಯ ಪ್ರಥಮಚಿಕಿತ್ಸೆಯ ಪುಸ್ತಕಗಳು ಬೋಧಿಸುತ್ತಿದ್ದವು. ಇಂದಿನ ವೈದ್ಯರು ಎರಡನ್ನೂ ನಿಷೇಧಿಸಿ, ಕಚ್ಚಿದ ಅಂಗವನ್ನು ಅಲುಗಿಸದೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕೆನ್ನುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರತಿಯೊಂದು ಪ್ರಸಂಗವನ್ನೂ ವರದಿಮಾಡಬೇಕೆಂದು ವಿಧಿಸಿತು. ಹಳೆಯ ಬೋಧೆಯನ್ನೇ ಯಾವನೋ ಮಧುರವಾಗಿ ನುಡಿದಿಟ್ಟಿದ್ದರೆ, ಅದನ್ನು ನಂಬಿದವನು ಕಳೆದುಕೊಳ್ಳುವುದು ವಾದವನ್ನಲ್ಲ, ಪ್ರಾಣವನ್ನು.

ಹಾಗೆಂದು ರೈತನೂ ತಾರ್ಕಿಕನಾಗಬೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಅವನು ಈಗಾಗಲೇ ತಾರ್ಕಿಕನೇ ಆಗಿದ್ದಾನೆ. ದನದ ಜಾತ್ರೆಯಲ್ಲಿ ದಲ್ಲಾಳಿಯ ಮಾತನ್ನು ಕೇಳಿಯೂ ಎತ್ತಿನ ಹಲ್ಲನ್ನು ನೋಡದೆ ಅವನು ಹಣ ಬಿಚ್ಚುವನೇ? ಅದೇ ವಿವೇಕದಿಂದ ಈ ವಾಣಿಯನ್ನೂ ಪರೀಕ್ಷಿಸಲಿ: ನುಡಿದವನು ಈ ವಿದ್ಯೆಯನ್ನು ಬಲ್ಲನೇ? ಎಂದು ನುಡಿದನು? ನುಡಿಯ ಬೆನ್ನಿಗೆ ಏನನ್ನಾದರೂ ಮಾರುತ್ತಿರುವನೇ? ಮುದ್ರಿತಧ್ವನಿಯು ಮರುಪ್ರಶ್ನೆಗೆ ಉತ್ತರ ಕೊಡದು. ಆದಕಾರಣ ಸಂಶಯವುಳ್ಳದ್ದನ್ನು ಊರಿನ ಆಶಾ ಕಾರ್ಯಕರ್ತೆಯೊಡನೆಯೋ ವೈದ್ಯರೊಡನೆಯೋ ವಿಚಾರಿಸುವುದು ಯುಕ್ತವು. ವಿಚಾರಣೆಯೆಲ್ಲವೂ ಮೊದಲೇ ನಡೆಯತಕ್ಕದ್ದು. ಆಪತ್ತು ಒದಗಿದ ಮೇಲೆ 108ಕ್ಕೆ ಕರೆಮಾಡುವುದೇ ಕರ್ತವ್ಯವು.

ಇನ್ನೊಂದು ಅಂಶವು ಇದಕ್ಕಿಂತಲೂ ಗುರುತರವಾದುದು. ಕೇಳಿದುದನ್ನು ಬಂಧುಗಳಿಗೆ ಮೊಬೈಲಿನಲ್ಲಿ ಕಳುಹಿಸುವವನು ತಾನು ಬರಿಯ ವಾಹಕನೆಂದು ಭಾವಿಸುತ್ತಾನೆ. ಆದರೆ ಪಡೆದವರು ನಂಬುವುದು ದೂರದ ಆ ಅಪರಿಚಿತನನ್ನಲ್ಲ. ಕಳುಹಿಸಿದ ಅಣ್ಣನನ್ನು, ಅತ್ತೆಯನ್ನು, ನೆರೆಮನೆಯವನನ್ನು. ಆದುದರಿಂದ ಕಳುಹಿಸಿದ ಕ್ಷಣದಲ್ಲಿಯೇ ಅವನು ಉಪದೇಶಕನಾಗುತ್ತಾನೆ. ಆಪ್ತನಿಗೆ ವಿಧಿಸಿದ ಹೊಣೆಯೆಲ್ಲವೂ ಅವನದಾಗುತ್ತದೆ. ತಾನು ತಿಳಿಯದುದನ್ನು ತಿಳಿದವನಂತೆ ಹಂಚದಿರುವುದು ಮೌನವಾದರೂ ಪರೋಪಕಾರವೇ ಸರಿ.